ಯೋಜಿತ ಸಿಸೇರಿಯನ್ ಹೆರಿಗೆಯಲ್ಲಿ ಸಂಗೀತ: ತೀರ್ಮಾನ ಯಾರದು?

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ ಪಾಠ

ಪೀಠಿಕೆ

ಗ್ರಾಮ ಪಂಚಾಯಿತಿ ಸಭೆಗಳಲ್ಲಿ ಹೆರಿಗೆಯ ವಿಷಯ ಬಂದಾಗ ಚರ್ಚೆಯು ಸಾಮಾನ್ಯವಾಗಿ ಆಂಬುಲೆನ್ಸ್, ರಸ್ತೆ, ತಾಯಿ ಕಾರ್ಡ್, ರಕ್ತಹೀನತೆ ಹಾಗೂ ಸಹಾಯಧನಗಳ ಸುತ್ತ ನಡೆಯುತ್ತದೆ. ಇವೆಲ್ಲವೂ ಅವಶ್ಯಕವಾದ ವಿಷಯಗಳೇ. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ನಂತರ ಆ ಹೆಣ್ಣುಮಗಳು ಏನನ್ನು ಅನುಭವಿಸಿದಳು, ಅವಳನ್ನು ಯಾರಾದರೂ ಏನಾದರೂ ಕೇಳಿದರೇ ಎಂಬುದು ನಡಾವಳಿಯಲ್ಲಿ ದಾಖಲಾಗುವುದು ಅಪರೂಪ. ಪ್ರಸ್ತುತ ಪಾಠವು ಅಂತಹ ಒಂದು ಸಣ್ಣ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ದಿನಾಂಕ ಮೊದಲೇ ನಿಗದಿಯಾದ ಸಿಸೇರಿಯನ್ ಹೆರಿಗೆಯ ಸಮಯದಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಸಂಗೀತವಿರಬೇಕೇ, ಬೇಡವೇ? ಅದನ್ನು ತೀರ್ಮಾನಿಸಬೇಕಾದವರು ಯಾರು?

ಇದು ಅನುಕೂಲವಂತರ ಹವ್ಯಾಸವೆಂದು ಮೊದಲ ನೋಟಕ್ಕೆ ತೋರಬಹುದು. ಪಾಠವನ್ನು ಓದಿ ಮುಗಿಸಿದ ಬಳಿಕ ಸದಸ್ಯರು ಈ ಅಭಿಪ್ರಾಯವನ್ನು ಮತ್ತೊಮ್ಮೆ ಪರಿಶೀಲಿಸಬಹುದು.

1. ವಿಷಯವು ಪಂಚಾಯಿತಿಗೆ ಏಕೆ ಸಂಬಂಧಿಸಿದೆ

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ಸಿಸೇರಿಯನ್ ಹೆರಿಗೆಗಳ ಪ್ರಮಾಣ ಶೇ. 31.5. ಅದರ ಹಿಂದಿನ ಸಮೀಕ್ಷೆಯಲ್ಲಿ (2015–16) ಇದು ಶೇ. 23.6 ಇತ್ತು. ಅಂದರೆ ರಾಜ್ಯದಲ್ಲಿ ಸರಿಸುಮಾರು ಮೂವರು ಬಾಣಂತಿಯರಲ್ಲಿ ಒಬ್ಬರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿ ತಾಯಿಯಾದವರು. ಪ್ರತಿಯೊಂದು ವಾರ್ಡಿನಲ್ಲಿಯೂ ಅಂತಹವರು ಇದ್ದೇ ಇರುತ್ತಾರೆ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ. ಅವುಗಳಲ್ಲಿ ಆಸ್ಪತ್ರೆ ಹಾಗೂ ಪ್ರಾಥಮಿಕ ಆರೋಗ್ಯ ಕೇಂದ್ರಗಳನ್ನು ಒಳಗೊಂಡ ಆರೋಗ್ಯ ಮತ್ತು ನೈರ್ಮಲ್ಯವೂ ಇದೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯೂ ಇದೆ. ವೈದ್ಯರಿಗೆ ಚಿಕಿತ್ಸೆಯ ಬಗ್ಗೆ ನಿರ್ದೇಶನ ನೀಡುವ ಅಧಿಕಾರ ಗ್ರಾಮ ಪಂಚಾಯಿತಿಗೆ ಇಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಗರ್ಭಿಣಿಯು ತನ್ನ ಊರಿನಲ್ಲಿರುವಾಗಲೇ ಅವಳನ್ನು ಸಿದ್ಧಪಡಿಸುವ ಕೆಲಸವು ಆಶಾ ಕಾರ್ಯಕರ್ತೆ, ಅಂಗನವಾಡಿ ಕಾರ್ಯಕರ್ತೆ ಹಾಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯ ವ್ಯಾಪ್ತಿಗೆ ಸೇರಿದ್ದು.

ಇನ್ನೊಂದು ಕಾರಣವೂ ಇದೆ. 2024ರ ನವೆಂಬರ್ ತಿಂಗಳಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಮೃತಪಟ್ಟರು. ಅವರಿಗೆ ನೀಡಲಾದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟವು ಪ್ರಶ್ನೆಗೆ ಒಳಗಾಯಿತು. ಇಂತಹ ಸುದ್ದಿಯನ್ನು ಕೇಳಿದ ಗರ್ಭಿಣಿಯ ಎದೆಯಲ್ಲಿ ಭಯ ಕೂರುವುದು ಸಹಜ. ಆ ಭಯಕ್ಕೆ ಉತ್ತರವು ಮೊದಲನೆಯದಾಗಿ ಸುರಕ್ಷಿತ ಔಷಧ, ನುರಿತ ಸಿಬ್ಬಂದಿ ಹಾಗೂ ಸಿದ್ಧವಾಗಿರುವ ರಕ್ತ. ಸಂಗೀತವು ಇವುಗಳಲ್ಲಿ ಯಾವುದಕ್ಕೂ ಬದಲಿಯಲ್ಲ ಎಂಬುದನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಬೇಕು. ಇವೆಲ್ಲವೂ ಇದ್ದಾಗಲೂ ಉಳಿಯುವ ಆತಂಕವನ್ನು ಹೇಗೆ ತಗ್ಗಿಸಬಹುದು ಎಂಬುದಷ್ಟೇ ಇಲ್ಲಿನ ವಿಚಾರ.

2. ಕೊಠಡಿಯೊಳಗೆ ತಾಯಿಗೆ ಏನು ಕೇಳಿಸುತ್ತದೆ

ಸಿಸೇರಿಯನ್ ಎಂದರೆ ತಾಯಿಗೆ ಪೂರ್ಣ ಪ್ರಜ್ಞೆ ತಪ್ಪಿಸಿ ಮಾಡುವ ಶಸ್ತ್ರಚಿಕಿತ್ಸೆ ಎಂಬ ಭಾವನೆ ಹಳ್ಳಿಗಳಲ್ಲಿ ಈಗಲೂ ಇದೆ. ಯೋಜಿತ ಸಿಸೇರಿಯನ್‌ನಲ್ಲಿ ಸಾಮಾನ್ಯವಾಗಿ ಬೆನ್ನಿಗೆ ಚುಚ್ಚುಮದ್ದು ನೀಡಿ ಸೊಂಟದ ಕೆಳಗಿನ ಭಾಗವನ್ನು ಮಾತ್ರ ಮರಗಟ್ಟಿಸಲಾಗುತ್ತದೆ. ತಾಯಿಯು ಎಚ್ಚರವಾಗಿರುತ್ತಾಳೆ. ಎದೆಯ ಮೇಲೆ ಬಟ್ಟೆಯ ಪರದೆ ಕಟ್ಟಿರುವುದರಿಂದ ಅವಳಿಗೆ ಶಸ್ತ್ರಚಿಕಿತ್ಸೆ ಕಾಣಿಸುವುದಿಲ್ಲ. ನೋವು ತಿಳಿಯದಿದ್ದರೂ ಒತ್ತುವುದು, ಎಳೆಯುವುದು ತಿಳಿಯುತ್ತದೆ. ಶಸ್ತ್ರಚಿಕಿತ್ಸೆ ಆರಂಭವಾದ ಕೆಲವೇ ನಿಮಿಷಗಳಲ್ಲಿ ಮಗು ಹೊರಬರುತ್ತದೆ. ಹೊಲಿಗೆ ಮುಗಿಯುವ ವೇಳೆಗೆ ಸುಮಾರು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಕಳೆದಿರುತ್ತದೆ.

ಕಣ್ಣಿಗೆ ಪರದೆ ಅಡ್ಡವಾದಾಗ ಕಿವಿಯೇ ಅವಳ ಆಧಾರವಾಗುತ್ತದೆ. ಅವಳಿಗೆ ಕೇಳಿಸುವುದು ಲೋಹದ ಉಪಕರಣಗಳ ಸದ್ದು, ದ್ರವ ಹೀರುವ ಯಂತ್ರದ ಶಬ್ದ, ನಾಡಿಮಾಪಕದ ಟಿಕ್ ಟಿಕ್ ದನಿ ಮತ್ತು ಅರ್ಥವಾಗದ ವೈದ್ಯಕೀಯ ಮಾತು. ಸಿಬ್ಬಂದಿ ತಮ್ಮತಮ್ಮಲ್ಲಿ ಆಡಿದ ಒಂದು ಸಾಮಾನ್ಯ ಮಾತು ಕೂಡ ಮಲಗಿರುವವಳಿಗೆ ಕೆಟ್ಟ ಸುದ್ದಿಯಂತೆ ಕೇಳಿಸಬಹುದು. ಶಸ್ತ್ರಚಿಕಿತ್ಸಾ ಕೊಠಡಿಯೊಳಗೆ ಬಹುತೇಕ ಕಡೆ ಮನೆಯವರಿಗೆ ಪ್ರವೇಶವಿಲ್ಲ. ಕೇಂದ್ರ ಸರ್ಕಾರವು 2016ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೊಠಡಿಯಲ್ಲಿ ಜೊತೆಗಾತಿಗೆ ಅವಕಾಶ ಕಲ್ಪಿಸಿದೆಯಾದರೂ, ಸಿಸೇರಿಯನ್ ಆಗುವ ಹೆಣ್ಣುಮಗಳು ಆ ಒಂದು ಗಂಟೆಯನ್ನು ಸಾಮಾನ್ಯವಾಗಿ ತನ್ನವರಿಲ್ಲದೆಯೇ ಕಳೆಯುತ್ತಾಳೆ. ಪರಿಚಿತವಾದ ಒಂದು ದನಿಗೆ ಬೆಲೆ ಬರುವುದು ಇಲ್ಲಿ.

3. ಅಧ್ಯಯನಗಳು ತಿಳಿಸುವುದೇನು

ಸಿಸೇರಿಯನ್ ವೇಳೆಯ ಸಂಗೀತದ ಬಗ್ಗೆ ಕಾಕ್ರೇನ್ ಸಂಸ್ಥೆಯು 2009ರಲ್ಲಿ ಪ್ರಕಟಿಸಿದ ಪರಾಮರ್ಶೆಗೆ ದೊರೆತದ್ದು 76 ತಾಯಂದಿರನ್ನು ಒಳಗೊಂಡ ಒಂದೇ ಪ್ರಯೋಗ. ಸಂಗೀತ ಕೇಳಿದ ತಾಯಂದಿರ ನಾಡಿಬಡಿತವು ನಿಮಿಷಕ್ಕೆ ಸುಮಾರು ಏಳರಷ್ಟು ಕಡಿಮೆ ಇತ್ತು. ಹೆರಿಗೆಯ ಅನುಭವದ ಬಗ್ಗೆ ಅವರ ತೃಪ್ತಿ ಸ್ವಲ್ಪ ಹೆಚ್ಚಿತ್ತು. ಸಾಕ್ಷ್ಯವು ಅಲ್ಪವೆಂದು ಪರಾಮರ್ಶೆಯೇ ಹೇಳಿತು. ಜರ್ಮನಿಯಲ್ಲಿ ನಡೆದು 2018ರಲ್ಲಿ ಪ್ರಕಟವಾದ, 304 ತಾಯಂದಿರನ್ನು ಒಳಗೊಂಡ ಅಧ್ಯಯನದಲ್ಲಿ ಸಂಗೀತ ಕೇಳಿದವರ ಆತಂಕ, ಹೃದಯಬಡಿತ ಹಾಗೂ ರಕ್ತದ ಒತ್ತಡ ತಕ್ಕಮಟ್ಟಿಗೆ ಕಡಿಮೆ ಇದ್ದುದು ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರಡಿಸಿದ ಶಿಫಾರಸುಗಳಲ್ಲಿ, ಸಹಜ ಹೆರಿಗೆಯ ನೋವಿನ ಸಮಯದಲ್ಲಿ ತಾಯಿಯು ಬಯಸಿದಲ್ಲಿ ಸಂಗೀತವೂ ಸೇರಿದಂತೆ ಮನಸ್ಸನ್ನು ಹಗುರಗೊಳಿಸುವ ವಿಧಾನಗಳನ್ನು ಬಳಸಬಹುದೆಂದು ತಿಳಿಸಿದೆ. ಅಲ್ಲಿಯೂ ‘ತಾಯಿಯು ಬಯಸಿದಲ್ಲಿ’ ಎಂಬುದೇ ಷರತ್ತು.

ಇವುಗಳಿಂದ ಸದಸ್ಯರು ಗ್ರಹಿಸಬೇಕಾದುದು ಇಷ್ಟು. ಸಂಗೀತವು ಆತಂಕವನ್ನು ಸ್ವಲ್ಪ ತಗ್ಗಿಸಬಹುದು. ಅದು ಔಷಧವಲ್ಲ, ರಕ್ತಸ್ರಾವವನ್ನಾಗಲಿ ನಂಜನ್ನಾಗಲಿ ತಡೆಯುವುದಿಲ್ಲ. ಇಂತಹ ರಾಗ ಕೇಳಿಸಿದರೆ ಮಗು ಬುದ್ಧಿವಂತವಾಗುತ್ತದೆ ಎಂಬ ಪ್ರಚಾರಕ್ಕೆ ಕಿವಿಗೊಡಬೇಕಾಗಿಲ್ಲ. ಅಂತೆಯೇ, ಹಾಡಿನ ಸೌಲಭ್ಯವು ಅನಗತ್ಯ ಸಿಸೇರಿಯನ್‌ಗೆ ಆಕರ್ಷಣೆಯಾಗಲೂ ಬಾರದು. ಒಂದು ಜನಸಮುದಾಯದಲ್ಲಿ ಸಿಸೇರಿಯನ್ ಪ್ರಮಾಣವು ಶೇ. 10ನ್ನು ಮೀರಿ ಏರಿದಾಗ ತಾಯಿ ಮತ್ತು ಶಿಶು ಮರಣ ಅದರಿಂದ ಮತ್ತಷ್ಟು ಇಳಿದುದು ಕಂಡುಬಂದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ತಿಳಿಸಿದೆ. ಶಸ್ತ್ರಚಿಕಿತ್ಸೆ ಬೇಕೇ ಬೇಡವೇ ಎಂಬುದು ವೈದ್ಯಕೀಯ ಕಾರಣದ ಮೇಲೆಯೇ ನಿರ್ಧಾರವಾಗಬೇಕು.

4. ಈ ನೆಲಕ್ಕೆ ಇದು ಹೊಸದಲ್ಲ

ಹೆರಿಗೆಯೊಂದಿಗೆ ಹಾಡು ಮತ್ತು ಸಾಂತ್ವನದ ಮಾತು ಬೆಸೆದುಕೊಂಡಿರುವುದು ಜಿಲ್ಲೆಯ ಹಿರಿಯರಿಗೆ ತಿಳಿದ ಸಂಗತಿಯೇ. ಸೀಮಂತದ ಸೋಬಾನೆ, ತೊಟ್ಟಿಲು ಶಾಸ್ತ್ರದ ಜೋಗುಳ, ಗೊಲ್ಲರಹಟ್ಟಿಗಳ ಗಣೆಯ ನಾದ, ಲಂಬಾಣಿ ತಾಂಡಾಗಳ ಹೆಂಗಸರ ಹಾಡು ಇಂದಿಗೂ ಉಳಿದಿವೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡಿದ್ದರು. ನೆರೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು, ಅದೇ ವರ್ಷದ ಡಿಸೆಂಬರ್ 25ರಂದು ಅವರು ನಿಧನರಾದರು.

ಹೆರಿಗೆಯು ಮನೆಯಿಂದ ಆಸ್ಪತ್ರೆಗೆ ಬಂದುದರಿಂದ ಸಾವಿರಾರು ತಾಯಂದಿರ ಜೀವ ಉಳಿದಿದೆ. ಆ ದಾರಿಯಲ್ಲಿ ಹಿಂದಿರುಗುವ ಮಾತೇ ಇಲ್ಲ. ಆದರೆ ಮನೆಯಲ್ಲಿ ಸೂಲಗಿತ್ತಿಯ ಕೈಯೂ ಮಾತೂ ಹತ್ತಿರವಿದ್ದವು. ಆಸ್ಪತ್ರೆಗೆ ಬರುವಾಗ ಆ ಧೈರ್ಯದ ಮಾತು ಹಿಂದೆ ಉಳಿಯಿತು. ಕೇಂದ್ರ ಸರ್ಕಾರವು 2017ರ ಡಿಸೆಂಬರ್‌ನಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮವು ಹೆರಿಗೆ ಕೊಠಡಿಯ ಜೊತೆಗೆ ಹೆರಿಗೆ ಶಸ್ತ್ರಚಿಕಿತ್ಸಾ ಕೊಠಡಿಯ ಗುಣಮಟ್ಟವನ್ನೂ ಒಳಗೊಂಡಿದ್ದು, ಗೌರವಯುತ ಆರೈಕೆಯನ್ನು ಅದರ ಅಂಗವಾಗಿ ಪರಿಗಣಿಸುತ್ತದೆ. 2019ರ ‘ಸುಮನ್’ ಕಾರ್ಯಕ್ರಮದ ಆಶಯವೂ ಅದೇ ಆಗಿದೆ.

5. ಯಾರು ತೀರ್ಮಾನಿಸಬೇಕು: ಒಂದು ಉದಾಹರಣೆ

ಹೊಳಲ್ಕೆರೆ ತಾಲ್ಲೂಕಿನ ಒಂದು ಊರಿನ ಗರ್ಭಿಣಿಯನ್ನು ಊಹಿಸಿಕೊಳ್ಳೋಣ. ಮೊದಲ ಮಗು ಸಿಸೇರಿಯನ್ ಮೂಲಕ ಜನಿಸಿತ್ತು. ಎರಡನೆಯದಕ್ಕೂ ವೈದ್ಯರು ಶಸ್ತ್ರಚಿಕಿತ್ಸೆಯ ದಿನ ಗೊತ್ತುಪಡಿಸಿದ್ದಾರೆ. ಆಸ್ಪತ್ರೆಯಲ್ಲಿ ಹಾಡು ಹಾಕಿಸಬಹುದೆಂದು ತಿಳಿದಾಗ ಮನೆಯಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ. ದೇವರ ನಾಮವೇ ಆಗಬೇಕೆಂದು ಅತ್ತೆ ಹೇಳುತ್ತಾರೆ. ಅವಳಿಗೆ ಸಿನಿಮಾ ಹಾಡು ಇಷ್ಟವೆಂದು ಗಂಡ ಹೇಳುತ್ತಾನೆ. ಡಾಕ್ಟರಿಗೆ ತೊಂದರೆ, ಅದೆಲ್ಲ ಏಕೆ ಎಂದು ಮಾವ ಹೇಳುತ್ತಾರೆ. ಗರ್ಭಿಣಿಯು ಸುಮ್ಮನಿರುತ್ತಾಳೆ.

ಆಶಾ ಕಾರ್ಯಕರ್ತೆಯು ಅವಳನ್ನು ಅಂಗನವಾಡಿಯ ಪಡಸಾಲೆಗೆ ಕರೆದು ಕೇಳುತ್ತಾಳೆ: “ಅವರಿವರದ್ದು ಇರ್ಲಿ, ನಿನಗೇನು ಬೇಕು ಹೇಳವ್ವ.”

“ಮಗು ಅಳೋದು ಕೇಳ್ಬೇಕಕ್ಕ. ಹೋದ್ ಸಲ ಎಲ್ರೂ ಮಾತಾಡ್ತಿದ್ರು, ನನಗೆ ಕೇಳಿಸ್ಲೇ ಇಲ್ಲ.”

ವಿಚಾರಿಸುತ್ತ ಹೋದಾಗ ತಿಳಿಯುವುದೇನೆಂದರೆ, ಸೂಜಿ ಹಾಕುವಾಗಿನ ಭಯಕ್ಕೆ ಅವಳಿಗೆ ತವರಿನ ಕಡೆಯ ಗಣೆಯ ನಾದ ಬೇಕು. ಮಗು ಹೊರಬರುವ ಮುನ್ನ ಅದು ನಿಲ್ಲಬೇಕು. ಆ ನಂತರ ಏನೂ ಬೇಡ. ಮನೆಯ ನಾಲ್ವರಲ್ಲಿ ಮೂವರು ಊಹಿಸಿದ್ದರಲ್ಲಿ ಒಂದೂ ಅವಳ ಬಯಕೆಯಾಗಿರಲಿಲ್ಲ.

ಈ ಉದಾಹರಣೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ.

ಮೊದಲನೆಯದಾಗಿ, ಬೇಡವೆನ್ನುವುದೂ ಒಂದು ಆಯ್ಕೆಯೇ. ಕೆಲವರಿಗೆ ಮೌನ ಬೇಕು. ಕೆಲವರಿಗೆ ವೈದ್ಯರ ಪ್ರತಿ ಮಾತೂ ಕೇಳಬೇಕು. ಒಳ್ಳೆಯ ಉದ್ದೇಶದಿಂದಲೇ ಆದರೂ ಎಲ್ಲರಿಗೂ ಒಂದೇ ಹಾಡನ್ನು ಧ್ವನಿವರ್ಧಕದಲ್ಲಿ ಹಾಕುವುದು ಆಯ್ಕೆ ಎನಿಸುವುದಿಲ್ಲ. ಒಂದು ಧರ್ಮದ ಭಕ್ತಿಗೀತೆಯನ್ನು ಸಿಬ್ಬಂದಿಯೇ ಎಲ್ಲ ತಾಯಂದಿರಿಗೂ ನುಡಿಸುವುದು ಸರ್ಕಾರಿ ಆಸ್ಪತ್ರೆಗೆ ಒಪ್ಪುವುದಿಲ್ಲ.

ಎರಡನೆಯದಾಗಿ, ಪ್ರಶ್ನೆಯನ್ನು ಒಂಟಿಯಾಗಿ ಮತ್ತು ಮುಂಚಿತವಾಗಿ ಕೇಳಬೇಕು. ಮೇಜಿನ ಮೇಲೆ ಮಲಗಿಸಿದ ಮೇಲೆ ಕೇಳಿದರೆ ಯಾವ ಹೆಣ್ಣುಮಗಳೂ ‘ಹೇಗಾದರೂ ಸರಿ’ ಎಂದೇ ಹೇಳುತ್ತಾಳೆ.

ಮೂರನೆಯದಾಗಿ, ಅವಳ ಭಾಷೆಯಲ್ಲಿ ಕೇಳಬೇಕು. ಜಿಲ್ಲೆಯಲ್ಲಿ ತೆಲುಗು, ಲಂಬಾಣಿ, ಉರ್ದು ಮನೆಮಾತಿನ ಕುಟುಂಬಗಳು ಬಹಳ ಇವೆ. ಕಿವಿ ಕೇಳದ ತಾಯಿಯಾದಲ್ಲಿ, ಅವಳ ಕಣ್ಣಿಗೆ ಕಾಣುವಂತೆ ಒಬ್ಬ ಶುಶ್ರೂಷಕಿ ತಲೆಯ ಬಳಿ ನಿಂತಿರಲೆಂಬುದೇ ಬಯಕೆಯಾಗಿರಬಹುದು.

6. ಸುರಕ್ಷತೆಯ ನಿಯಮಗಳು

ಆಯ್ಕೆ ತಾಯಿಯದಾದರೂ, ನಿಲ್ಲಿಸುವ ಅಧಿಕಾರ ವೈದ್ಯರದು. ಈ ಮಾತನ್ನು ಕುಟುಂಬಕ್ಕೆ ಮೊದಲೇ ತಿಳಿಸತಕ್ಕದ್ದು. ಕೆಳಗಿನ ಅಂಶಗಳನ್ನು ಕಾರಣಸಹಿತ ಅರಿತರೆ ವಾದ ವಿವಾದಗಳಿಗೆ ಎಡೆಯಿರುವುದಿಲ್ಲ.

ಅ) ಧ್ವನಿಯ ಮಟ್ಟ: ನಾಡಿಮಾಪಕ ಯಂತ್ರದ ದನಿಯು ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಂತೆ ತಗ್ಗುತ್ತ ಹೋಗುತ್ತದೆ. ಅರಿವಳಿಕೆ ತಜ್ಞರು ಪರದೆಯನ್ನು ನೋಡದಿರುವ ಕ್ಷಣದಲ್ಲಿಯೂ ಈ ಬದಲಾವಣೆಯನ್ನು ಕಿವಿಯಿಂದಲೇ ಗುರುತಿಸುತ್ತಾರೆ. ಸಂಗೀತವು ಈ ದನಿಯನ್ನು ಮುಚ್ಚಬಾರದು. ಇಬ್ಬರು ದನಿ ಏರಿಸದೆ ಮಾತನಾಡಿದರೆ ಪರಸ್ಪರ ಸ್ಪಷ್ಟವಾಗಿ ಕೇಳಿಸುವಂತಿದ್ದರೆ ಅದು ಯೋಗ್ಯ ಮಟ್ಟ.

ಆ) ಇಯರ್‌ಫೋನ್: ಬಳಸುವುದಾದರೆ ಒಂದು ಕಿವಿಗೆ ಮಾತ್ರ. ಇನ್ನೊಂದು ಕಿವಿಯು ವೈದ್ಯರ ಮಾತಿಗೆ ತೆರೆದಿರಬೇಕು. ವೈರು ಶಸ್ತ್ರಚಿಕಿತ್ಸೆಯ ಶುದ್ಧ ಬಟ್ಟೆಗಳನ್ನು ತಾಗಬಾರದು.

ಇ) ಮೊಬೈಲ್: ಮೊಬೈಲಿನ ಮೇಲ್ಮೈಯಲ್ಲಿ ರೋಗಾಣುಗಳಿರುತ್ತವೆ. ಒಳಗೆ ಒಯ್ಯಲು ಅನುಮತಿ ಇದ್ದಲ್ಲಿ ಮಾತ್ರ, ಒರೆಸಿ ಶುಚಿಗೊಳಿಸಿ, ಸಿಬ್ಬಂದಿಯ ಕೈಗೆ ಕೊಡಬೇಕು. ಹಾಡುಗಳನ್ನು ಮೊದಲೇ ಉಳಿಸಿಕೊಂಡು ಫ್ಲೈಟ್ ಮೋಡ್‌ಗೆ ಹಾಕಿರಬೇಕು. ಇಲ್ಲವಾದರೆ ಹಾಡಿನ ಮಧ್ಯೆ ಜಾಹೀರಾತು ಬರುತ್ತದೆ, ಕರೆ ಬರುತ್ತದೆ. ಫೋಟೊ, ವಿಡಿಯೊ ಯಾವ ಕಾರಣಕ್ಕೂ ಕೂಡದು.

ಈ) ನಿಲುಗಡೆಯ ಸಮಯಗಳು: ವಿಶ್ವ ಆರೋಗ್ಯ ಸಂಸ್ಥೆಯು 2008ರಲ್ಲಿ ರೂಪಿಸಿದ ಸುರಕ್ಷಿತ ಶಸ್ತ್ರಚಿಕಿತ್ಸೆಯ ತಪಶೀಲು ಪಟ್ಟಿಯಲ್ಲಿ 19 ಅಂಶಗಳಿದ್ದು, ಅರಿವಳಿಕೆಗೆ ಮುನ್ನ, ಕೊಯ್ಯುವ ಮುನ್ನ ಹಾಗೂ ರೋಗಿಯನ್ನು ಹೊರಗೆ ಕರೆತರುವ ಮುನ್ನ ತಂಡವು ಅವನ್ನು ಗಟ್ಟಿಯಾಗಿ ಓದಿ ಖಚಿತಪಡಿಸಿಕೊಳ್ಳಬೇಕು. ಆ ಮೂರು ಹೊತ್ತಿನಲ್ಲಿಯೂ, ಬಟ್ಟೆ ಮತ್ತು ಉಪಕರಣಗಳ ಎಣಿಕೆಯ ಹೊತ್ತಿನಲ್ಲಿಯೂ ಸಂಗೀತ ನಿಲ್ಲುವುದು ಯುಕ್ತ.

ಉ) ತುರ್ತು ಸಂದರ್ಭ: ಯೋಜಿತ ದಿನಕ್ಕೆ ಮೊದಲೇ ನೋವು ಅಥವಾ ರಕ್ತಸ್ರಾವ ಕಾಣಿಸಿಕೊಂಡರೆ ಹಾಡಿನ ವಿಚಾರವನ್ನು ಬದಿಗಿಟ್ಟು ತಕ್ಷಣ 108ಕ್ಕೆ ಕರೆ ಮಾಡತಕ್ಕದ್ದು.

7. ಗ್ರಾಮ ಪಂಚಾಯಿತಿ ಮಾಡಬಹುದಾದ ಕೆಲಸಗಳು

ಇವುಗಳಿಗೆ ಹೆಚ್ಚಿನ ಅನುದಾನ ಬೇಕಾಗಿಲ್ಲ.

ಮೊದಲನೆಯದು, ಪ್ರಶ್ನೆ ಕೇಳುವ ವ್ಯವಸ್ಥೆ. ಪ್ರತಿ ತಿಂಗಳ 9ರಂದು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆ ನಡೆಯುತ್ತದೆ. ಅಂಗನವಾಡಿಯಲ್ಲಿ ಗ್ರಾಮ ಆರೋಗ್ಯ ಮತ್ತು ಪೌಷ್ಟಿಕತೆ ದಿನವೂ ಇರುತ್ತದೆ. ಸಿಸೇರಿಯನ್ ದಿನ ನಿಗದಿಯಾದ ಗರ್ಭಿಣಿಯಿಂದ ಆ ದಿನಗಳಲ್ಲಿ ನಾಲ್ಕು ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆಸಿ ತಾಯಿ ಕಾರ್ಡಿನೊಳಗೆ ಇರಿಸಬಹುದು: ಜೊತೆಗೆ ಯಾರು ಬರಬೇಕು? ಯಾವ ಭಾಷೆಯಲ್ಲಿ ಮಾತನಾಡಿಸಬೇಕು? ಕೊಠಡಿಯಲ್ಲಿ ಹಾಡು ಬೇಕೇ, ಮೌನ ಬೇಕೇ? ಮಗುವಿನ ಸುದ್ದಿಯನ್ನು ಹೊರಗೆ ಮೊದಲು ಯಾರಿಗೆ ತಿಳಿಸಬೇಕು?

ಎರಡನೆಯದು, ಆಸ್ಪತ್ರೆಯೊಂದಿಗೆ ಪತ್ರವ್ಯವಹಾರ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕು ಆಸ್ಪತ್ರೆಗಳಾಗಲಿ ಚಿತ್ರದುರ್ಗದ ಜಿಲ್ಲಾ ಆಸ್ಪತ್ರೆಯಾಗಲಿ, ತಮ್ಮ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಏನನ್ನು ಅನುಮತಿಸಬಲ್ಲವೆಂದು ಆಡಳಿತ ವೈದ್ಯಾಧಿಕಾರಿಗಳನ್ನು ವಿನಯಪೂರ್ವಕವಾಗಿ ಕೇಳಬಹುದು. ಆರೋಗ್ಯ ರಕ್ಷಾ ಸಮಿತಿಯಲ್ಲಿ ವಿಷಯವನ್ನು ಮಂಡಿಸಲು ಕೋರಬಹುದು. ಸಾಧ್ಯವಿಲ್ಲವೆಂಬ ಉತ್ತರ ಬಂದರೂ ಅದು ಗರ್ಭಿಣಿಗೆ ಮೊದಲೇ ತಿಳಿದಿರುವುದು ಒಳ್ಳೆಯದು. ಹಾಡು ಸಾಧ್ಯವಾಗದ ಕಡೆ, ಪ್ರತಿ ಹಂತದಲ್ಲಿ ಏನಾಗುತ್ತಿದೆ ಎಂದು ತಾಯಿಗೆ ಒಂದೊಂದು ವಾಕ್ಯ ಹೇಳಲು ಕೋರಬಹುದು. ಅದಕ್ಕೆ ಯಾವ ಉಪಕರಣವೂ ಬೇಡ.

ಮೂರನೆಯದು, ಹಾಡುಗಳ ಸಂಗ್ರಹ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಊರಿನ ಹಿರಿಯ ಹೆಂಗಸರ ಸೋಬಾನೆ, ಜೋಗುಳಗಳನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ ಇಡಬಹುದು. ಗರ್ಭಿಣಿಯರು ಬಂದು ಕೇಳಿ, ಬೇಕಾದುದನ್ನು ತಮ್ಮ ಮೊಬೈಲಿಗೆ ಹಾಕಿಸಿಕೊಳ್ಳಬಹುದು. ಸಿನಿಮಾ ಹಾಡುಗಳ ಹಕ್ಕು ಬೇರೆಯವರದಾದ್ದರಿಂದ ಪಂಚಾಯಿತಿಯು ಅವುಗಳ ಪ್ರತಿ ಮಾಡಿ ಹಂಚಕೂಡದು.

ನಾಲ್ಕನೆಯದು, ಹಣದ ವಿಷಯ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸಹಿತ ಹೆರಿಗೆ, ಔಷಧ, ಪರೀಕ್ಷೆ, ರಕ್ತ, ಸಾರಿಗೆ ಎಲ್ಲವೂ ಉಚಿತ. ಸಿಸೇರಿಯನ್ ಆದವರಿಗೆ ಏಳು ದಿನಗಳವರೆಗೆ ಊಟವೂ ಉಚಿತ. ಹಾಡು ಹಾಕಿದ ನೆಪದಲ್ಲಿ ಯಾರೂ ಹಣ ಕೇಳುವಂತಿಲ್ಲ, ಯಾರೂ ಕೊಡಬೇಕಾಗಿಲ್ಲ.

8. ಮನೆಗೆ ಮರಳಿದ ಮೇಲೆ

ಆಸ್ಪತ್ರೆಯಲ್ಲಿ ತಾಯಿಯ ಮಾತಿಗೆ ಕಿವಿಗೊಟ್ಟು, ಊರಿಗೆ ಬಂದ ಮೇಲೆ ಕಿವಿ ಮುಚ್ಚಿಕೊಂಡರೆ ಈ ಪಾಠಕ್ಕೆ ಅರ್ಥವಿಲ್ಲ. ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿ ಮತ್ತು ಹಸುಗೂಸನ್ನು ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇರಿಸುವ ರೂಢಿ ಪೂರ್ತಿಯಾಗಿ ನಿಂತಿಲ್ಲ. ಹೊಟ್ಟೆಯ ಹೊಲಿಗೆ ಮಾಗದ ತಾಯಿಗೆ ಮಳೆ, ಚಳಿ, ಕತ್ತಲೆಗಳಲ್ಲಿ ಹಾಗಿರುವುದು ಪ್ರಾಣಕ್ಕೇ ಕುತ್ತಾದೀತು. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರಗಳನ್ನು ತಡೆಯಲು ರಾಜ್ಯವು 2017ರಲ್ಲಿ ರೂಪಿಸಿದ ಕಾಯ್ದೆಯು ಮುಟ್ಟಾದ ಹಾಗೂ ಗರ್ಭಿಣಿ ಸ್ತ್ರೀಯರನ್ನು ಬಲವಂತದಿಂದ ಪ್ರತ್ಯೇಕಿಸುವುದನ್ನು ನಿಷೇಧಿಸಿದೆ. ಬಾಣಂತಿಯ ವಿಷಯದಲ್ಲಿ ಮಾನವೀಯತೆಯೂ ಅದನ್ನೇ ಹೇಳುತ್ತದೆ. ಹಟ್ಟಿಯ ಹಿರಿಯರೊಡನೆ ಗೌರವದಿಂದ ಕುಳಿತು ಮಾತನಾಡಬಲ್ಲವರು ಆ ವಾರ್ಡಿನ ಸದಸ್ಯರೇ. ಗಣೆಯ ನಾದವನ್ನು ಕಾಪಾಡಿಕೊಂಡು ಬಂದ ಸಮುದಾಯವು ತನ್ನ ಬಾಣಂತಿಯನ್ನು ಮನೆಯೊಳಗೆ ಬೆಚ್ಚಗೆ ಇರಿಸಿಕೊಳ್ಳಬಲ್ಲದು.

9. ಉಪಸಂಹಾರ

ಹಾಡು ಬೇಕೇ ಎಂಬ ಪ್ರಶ್ನೆಗೆ ಸದಸ್ಯರು ಉತ್ತರ ಹುಡುಕಬೇಕಾಗಿಲ್ಲ. ಉತ್ತರವು ಪ್ರತಿ ತಾಯಿಗೂ ಬೇರೆ. ಆ ಪ್ರಶ್ನೆಯನ್ನು ಅವಳಿಗೇ, ಸಮಯಕ್ಕೆ ಮುಂಚೆ, ಅವಳಿಗೆ ಅರ್ಥವಾಗುವ ಮಾತಿನಲ್ಲಿ ಯಾರಾದರೂ ಕೇಳಿದರೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು ಮಾತ್ರ ಸದಸ್ಯರ ಕರ್ತವ್ಯ. ಹಾಡಿನ ಬಗ್ಗೆ ಒಮ್ಮೆ ಬಾಯಿಬಿಟ್ಟು ಹೇಳಿದ ಹೆಣ್ಣುಮಗಳು ಮುಂದೆ ತಲೆಸುತ್ತು, ಹೊಲಿಗೆಯ ನೋವು, ಹೆಚ್ಚು ರಕ್ತಸ್ರಾವಗಳ ಬಗ್ಗೆಯೂ ಸಂಕೋಚವಿಲ್ಲದೆ ಹೇಳುವ ಸಾಧ್ಯತೆ ಹೆಚ್ಚು. ಬಾಣಂತಿಯ ಜೀವ ಉಳಿಯುವುದು ಹಲವು ಸಲ ಅಂತಹ ಮಾತಿನಿಂದಲೇ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ಒಂದು ವರ್ಷದಲ್ಲಿ ತಮ್ಮ ವಾರ್ಡಿನಲ್ಲಿ ಸಿಸೇರಿಯನ್ ಆದ ತಾಯಂದಿರು ಎಷ್ಟು ಮಂದಿ? ಅವರ ಅನುಭವವನ್ನು ಮಹಿಳಾ ಗ್ರಾಮ ಸಭೆಯಲ್ಲಿ, ಹೆಸರು ಹೇಳದೆ, ಕೇಳಲು ಯಾವ ಏರ್ಪಾಟು ಮಾಡಬಹುದು?

2. ನಾಲ್ಕು ಪ್ರಶ್ನೆಗಳ ಚೀಟಿಯನ್ನು ಬರೆಸುವ ಹೊಣೆಯನ್ನು ಯಾರಿಗೆ ವಹಿಸುವುದು ಸೂಕ್ತ? ಗರ್ಭಿಣಿಯೊಡನೆ ಒಂಟಿಯಾಗಿ ಮಾತನಾಡಲು ತಮ್ಮ ಅಂಗನವಾಡಿಯಲ್ಲಿ ಸ್ಥಳವಿದೆಯೇ?

3. ಮನೆಯ ಹಿರಿಯರ ಇಚ್ಛೆ ಮತ್ತು ಗರ್ಭಿಣಿಯ ಇಚ್ಛೆ ಬೇರೆಯಾದಾಗ, ಮನೆಯಲ್ಲಿ ಮನಸ್ತಾಪವಾಗದಂತೆ ಆಕೆಯ ಮಾತನ್ನು ಉಳಿಸುವುದು ಹೇಗೆ?

4. ತಮ್ಮ ಊರಿನಲ್ಲಿ ಸೋಬಾನೆ, ಜೋಗುಳ ಬಲ್ಲ ಹಿರಿಯ ಹೆಂಗಸರು ಯಾರಿದ್ದಾರೆ? ಅವರ ಹಾಡುಗಳನ್ನು ಅರಿವು ಕೇಂದ್ರದಲ್ಲಿ ಉಳಿಸುವ ಕೆಲಸವನ್ನು ಯಾವ ತಿಂಗಳು ಆರಂಭಿಸಬಹುದು?